ಅಂಕಪಟ್ಟಿಯ ಕೊನೆಯ ಸಾಲು



ಕಳವಾರದ ಬೆಟ್ಟವನ್ನು ಹೊರಗಿನವರು ಸ್ಕಂದಗಿರಿ ಎನ್ನುತ್ತಾರೆ. ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ಬಂದು, ಬೆಟ್ಟ ಹತ್ತಿ, ಕಾಲ ಕೆಳಗೆ ಹಾಸಿಕೊಂಡ ಮೋಡ ನೋಡಿಕೊಂಡು ಹೋಗುತ್ತಾರೆ. ಆ ಮೋಡದ ಅಡಿಯಲ್ಲಿ ಬದುಕುವವರು ನಾವು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಕಾಲೇಜು ಮೈದಾನಗಳಲ್ಲಿ ಅದೇ ಹೊತ್ತಿಗೆ ಹುಡುಗರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿರುತ್ತಾರೆ. ಉದ್ದ 13 ಮೀಟರ್, ಅಗಲ 10 ಮೀಟರ್, ನಡುವೆ ಒಂದು ಗೆರೆ. ಅಂಕ ಕೂಗುವುದು ಕನ್ನಡದಲ್ಲಿ, ಎದುರಾಳಿಯ ಕಣಕಾಲು ಕೈಗೆ ಸಿಕ್ಕಿದ ಕ್ಷಣ ಬಾಯಿಂದ ಬರುವುದು ಮಾತ್ರ ತೆಲುಗು: "ಪಟ್ಟುಕೋರಾ, ವದಲೊದ್ದುರಾ!" (ಹಿಡ್ಕೊಳ್ಳೋ, ಬಿಡಬೇಡ್ವೋ!) ನಮ್ಮ ಸೀಮೆಯ ಕಬಡ್ಡಿಗೆ ಎರಡೂ ಭಾಷೆ ಬರುತ್ತದೆ.

ನಾನು ಈ ಕಡೆಯ ಕಾಲೇಜುಗಳಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು. ಹುಡುಗರ ಬಾಯಲ್ಲಿ 'ಪಿ.ಡಿ. ಸಾರ್'. ಇವತ್ತು ನಿಮ್ಮ ಮುಂದೆ ಒಂದು ಹಾಳೆಯ ಬಗ್ಗೆ ಮಾತಾಡಬೇಕೆಂದಿದ್ದೇನೆ. ಲೀಗ್ ಪಂದ್ಯಗಳು ನಡೆಯುವಾಗ ಯಾರು ಎಷ್ಟು ಆಡಿದರು, ಎಷ್ಟು ಗೆದ್ದರು, ಎಷ್ಟು ಸೋತರು, ಒಟ್ಟು ಎಷ್ಟು ಅಂಕ, ಎಷ್ಟನೇ ಸ್ಥಾನ ಎಂದು ಬರೆದು ತೋರಿಸುವ ಹಾಳೆ. ಅಂಕಪಟ್ಟಿ.

ಅಂಕಪಟ್ಟಿ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಪರೀಕ್ಷೆಯದು. ಹತ್ತನೇ ತರಗತಿಯ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ, ಜಮೀನಿನ ಪತ್ರಗಳ ಜೊತೆ ಬೀರುವಿನಲ್ಲಿ ಇಡುತ್ತೇವೆ. ಆಟದ ಅಂಕಪಟ್ಟಿಗೂ ಅದೇ ಹೆಸರಿದೆ. ಅಂಕ ಎಂದರೆ ಸಂಖ್ಯೆ, ಅಂಕ ಎಂದರೆ ಕಾಳಗ, ಅಂಕಣ ಎಂದರೆ ಆಡುವ ಜಾಗ. ಇಷ್ಟೆಲ್ಲ ಅರ್ಥ ಒಂದೇ ಮಾತಿನೊಳಗೆ ಇಟ್ಟುಕೊಂಡ ಭಾಷೆ ನಮ್ಮದು. ಆದರೆ ನಮ್ಮ ನಾಲ್ಕು ಊರಿನ ಕಾಲೇಜು ಹುಡುಗರಿಗೆ ಆಟದ ಅಂಕಪಟ್ಟಿಯಲ್ಲಿ ತಮ್ಮ ಹೆಸರು ಕಾಣುವ ಭಾಗ್ಯ ಬರುವುದು ತೀರಾ ಅಪರೂಪ. ಯಾಕೆಂದು ಹೇಳಲು ಒಂದು ಬಸ್ ಪ್ರಯಾಣದ ಕಥೆ ಹೇಳಬೇಕು.

ಒಂದು ವರ್ಷ ನಮ್ಮ ಕಬಡ್ಡಿ ತಂಡ ಬಹಳ ಚೆನ್ನಾಗಿತ್ತು. ಆಷಾಢದ ಗಾಳಿ ಶುರುವಾದಾಗಿನಿಂದ ನಾಲ್ಕು ತಿಂಗಳು, ಬೆಳಿಗ್ಗೆ ಐದೂವರೆಗೆ ಮೈದಾನ. ಇಬ್ಬರು ಹುಡುಗರು ಮನೆಯಲ್ಲಿ ಹಸು ಕರೆದು, ಡೇರಿಗೆ ಹಾಲು ಹಾಕಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಒಬ್ಬನ ಮನೆಯಲ್ಲಿ ರೇಷ್ಮೆ ಹುಳು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಸೊಪ್ಪಿಗೆ ಬಾಯಿ ಹಾಕುವ ವಾರ ಬಂತೆಂದರೆ ಅವನು ರಾತ್ರಿಯೆಲ್ಲ ಸೊಪ್ಪು ಹಾಕಿ, ನಿದ್ದೆಗೆಟ್ಟ ಕಣ್ಣಲ್ಲೇ ಅಂಕಣಕ್ಕೆ ಇಳಿಯುತ್ತಿದ್ದ. ಅಂತರ ಕಾಲೇಜು ಪಂದ್ಯಾವಳಿ ಬಂತು. ಬೆಳಿಗ್ಗೆ ಐದರ ಬಸ್ಸಿಗೆ ಹೊರಟೆವು. ಚೀಟಿ ಎತ್ತಿದಾಗ ಮೊದಲ ಸುತ್ತಿನಲ್ಲೇ ನಮಗೆ ಬಂದದ್ದು ಹಿಂದಿನ ವರ್ಷದ ಚಾಂಪಿಯನ್ ತಂಡ. ಇಪ್ಪತ್ತು ನಿಮಿಷದ ಎರಡು ಅವಧಿ. ಕೊನೆಯ ರೈಡಿನವರೆಗೂ ಸಮಸಮ ಆಡಿ 2 ಅಂಕದಿಂದ ಸೋತೆವು. ಹನ್ನೊಂದು ಗಂಟೆಗೆ ನಮ್ಮ ಕೆಲಸ ಮುಗಿದಿತ್ತು. ಆ ತಂಡ ಮರುದಿನ ಫೈನಲ್ಲಿನಲ್ಲಿ 20ಕ್ಕೂ ಹೆಚ್ಚು ಅಂಕಗಳ ಅಂತರದಲ್ಲಿ ಗೆದ್ದಿತು.

ವಾಪಸ್ ಬರುವಾಗ ಬಸ್ಸಿನ ಹಿಂದಿನ ಸೀಟಿನಿಂದ ಆ ರೇಷ್ಮೆ ಮನೆಯ ಹುಡುಗ ಎದ್ದು ಬಂದು ನನ್ನ ಪಕ್ಕ ನಿಂತ. ಕಂಬಿ ಹಿಡಿದುಕೊಂಡು ಕೇಳಿದ: "ಸಾರ್, ನಾವು ಎಷ್ಟನೇ ಸ್ಥಾನ ಸಾರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಸ್ಥಾನವೂ ಆಗಿರಬಹುದಿತ್ತು, ಹದಿನಾರನೇದೂ ಆಗಿರಬಹುದಿತ್ತು. ಕಾಗದದಲ್ಲಿ ಬರೆದಿದ್ದು ಇಷ್ಟೇ: ಮೊದಲ ಸುತ್ತು, ಸೋಲು. ನಾಲ್ಕು ತಿಂಗಳ ಬೆಳಗುಗಳು ಆ ಎರಡು ಮಾತಿನಲ್ಲಿ ಕರಗಿಹೋದವು. ಆ ಪ್ರಶ್ನೆ ನನ್ನನ್ನು ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಒಂದು ಸೋಲಿಗೇ ಮನೆಗೆ ಕಳಿಸುವ ಈ ನಾಕೌಟ್ ಪದ್ಧತಿಯ ಲೆಕ್ಕ ಸರಳ. ಹದಿನಾರು ತಂಡ ಬಂದರೆ ಒಟ್ಟು 15 ಪಂದ್ಯ. ಮೊದಲ ಸುತ್ತು ಮುಗಿದಾಗ ಎಂಟು ತಂಡ ಮನೆಗೆ. ಅಂದರೆ ಬಂದವರಲ್ಲಿ ಅರ್ಧ ಜನಕ್ಕೆ ಇಡೀ ವರ್ಷಕ್ಕೆ ಒಂದೇ ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್ ಮಾಡಿದರೆ ಅದೇ ಹದಿನಾರು ತಂಡಕ್ಕೆ 120 ಪಂದ್ಯ ಬೇಕು. ಯಾವ ವಿಶ್ವವಿದ್ಯಾಲಯವೂ ಎರಡು ಮೂರು ದಿನದಲ್ಲಿ ಅಷ್ಟು ಪಂದ್ಯ ಆಡಿಸಲಾರದು. ಆದ್ದರಿಂದ ನಾಕೌಟ್ ನಡೆಸುವವರನ್ನು ನಾನು ದೂರುವುದಿಲ್ಲ. ನಾನೂ ಎಷ್ಟೋ ವರ್ಷ ಅದನ್ನೇ ನಡೆಸಿದ್ದೇನೆ. ಅಂತರ ವಿಶ್ವವಿದ್ಯಾಲಯ ವಲಯ ಪಂದ್ಯಾವಳಿಗಳಲ್ಲೂ ಮೊದಲು ನಾಕೌಟ್ ಆಡಿಸಿ, ಕೊನೆಗೆ ಉಳಿದ ನಾಲ್ಕು ತಂಡಗಳಿಗೆ ಲೀಗ್ ಇಡುವುದು ರೂಢಿ. ಅಂಕಪಟ್ಟಿಯಲ್ಲಿ ಹೆಸರು ಬರುವುದು ಆ ನಾಲ್ವರಿಗೆ ಮಾತ್ರ.

ಈ ಸಂಕಟ ನಮಗೆ ಮೊದಲು ಬಂದದ್ದೇನೂ ಅಲ್ಲ. ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬುಗಳಿಗೆ 1880ರ ದಶಕದಲ್ಲಿ ಇದೇ ಬಂದಿತ್ತು. ಆಗ ಅಲ್ಲಿ ದೊಡ್ಡ ಪಂದ್ಯಾವಳಿ ಎಂದರೆ ಎಫ್.ಎ. ಕಪ್, ಅದು ನಾಕೌಟ್. ಒಂದು ಸೋಲಾದರೆ ಆ ವರ್ಷದ ಮಟ್ಟಿಗೆ ಅದರಲ್ಲಿ ಕೆಲಸ ಮುಗಿಯಿತು. ಉಳಿದ ದಿನಗಳಲ್ಲಿ ಸ್ನೇಹಪಂದ್ಯ ಗೊತ್ತು ಮಾಡಿದರೆ ಎದುರು ತಂಡ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ವಿಲಿಯಂ ಮೆಕ್‌ಗ್ರೆಗರ್ ಎಂಬಾತ ಆಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತದಲ್ಲಿದ್ದ. 1888ರ ಮಾರ್ಚಿನಲ್ಲಿ ಅವನು ಕೆಲವು ಕ್ಲಬ್ಬುಗಳಿಗೆ ಕಾಗದ ಬರೆದ: ಹತ್ತು ಹನ್ನೆರಡು ಕ್ಲಬ್ಬುಗಳು ಸೇರಿ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಊರಿಗೂ ಹೋಗಿ ಆಡುವ ಹಾಗೆ ವರ್ಷಕ್ಕೊಂದು ವೇಳಾಪಟ್ಟಿ ಮಾಡಿಕೊಳ್ಳೋಣ. ಅದೇ ವರ್ಷ ಹನ್ನೆರಡು ಕ್ಲಬ್ಬುಗಳ ಫುಟ್ಬಾಲ್ ಲೀಗ್ ಶುರುವಾಯಿತು. ಗೆದ್ದರೆ 2, ಡ್ರಾ ಆದರೆ 1 ಎಂಬ ಲೆಕ್ಕ ತೀರ್ಮಾನವಾಗಿದ್ದು ಪಂದ್ಯಗಳು ಶುರುವಾದ ಮೇಲೆ.

ಮೊದಲ ವರ್ಷ ಪ್ರೆಸ್ಟನ್ ತಂಡ 22 ಪಂದ್ಯದಲ್ಲಿ ಒಂದನ್ನೂ ಸೋಲದೆ 40 ಅಂಕ ಪಡೆದು ಗೆದ್ದಿತು. ಅವರ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ನನ್ನ ಕಣ್ಣು ಹೋಗುವುದು ಪಟ್ಟಿಯ ಬುಡಕ್ಕೆ. ಹನ್ನೆರಡನೇ ಸಾಲಿನಲ್ಲಿ ಸ್ಟೋಕ್ ಎಂಬ ಊರಿನ ತಂಡ ಇದೆ. ಆಡಿದ್ದು 22, ಗೆದ್ದದ್ದು 4, ಡ್ರಾ 4, ಸೋತದ್ದು 14, ಅಂಕ 12. ಎಲ್ಲರಿಗಿಂತ ಕೊನೆ. ಆದರೂ ಆ ಸಾಲು ಇವತ್ತಿಗೂ ಹಾಗೇ ಇದೆ. ಆ ವರ್ಷ ಸ್ಟೋಕಿನ ಹುಡುಗರು 22 ಸಲ ಮೈದಾನಕ್ಕಿಳಿದರು, ನಾಲ್ಕು ಸಲ ಗೆದ್ದರು ಎಂದು ಇವತ್ತು ಚಿಕ್ಕಬಳ್ಳಾಪುರದಲ್ಲಿ ಕೂತ ನಾನೂ ಹೇಳಬಲ್ಲೆ. ಆ ಕ್ಲಬ್ಬು ಇನ್ನೂ ಆಡುತ್ತಿದೆ. ಕೊನೆಯ ಸ್ಥಾನವೂ ಒಂದು ಸ್ಥಾನ. ನಮ್ಮ ರೇಷ್ಮೆ ಮನೆಯ ಹುಡುಗ ನನ್ನನ್ನು ಕೇಳಿದ್ದು ಅಷ್ಟನ್ನೇ.

ಪಟ್ಟಿ ಓದುವುದನ್ನು ಕಲಿತವನಿಗೆ ಅದರಲ್ಲಿ ಇಡೀ ವರ್ಷ ಕಾಣುತ್ತದೆ. 2015ರ ಮೇ 31, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಐ-ಲೀಗ್ ಫುಟ್ಬಾಲಿನ ಕೊನೆಯ ಪಂದ್ಯ: ಬೆಂಗಳೂರು ಎಫ್‌ಸಿ, ಕೋಲ್ಕತ್ತದ ಮೋಹನ್ ಬಾಗಾನ್. ಬೆಂಗಳೂರಿಗೆ 36 ಅಂಕ, ಬಾಗಾನಿಗೆ 38. ನಮ್ಮವರು ಗೆದ್ದರೆ 39 ಆಗಿ ಪ್ರಶಸ್ತಿ ನಮ್ಮದು. ಡ್ರಾ ಆದರೆ ಅವರದು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ. ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಪಟ್ಟಿಯ ತುದಿಯಲ್ಲಿ ಬೆಂಗಳೂರಿತ್ತು. 87ನೇ ನಿಮಿಷದಲ್ಲಿ ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಗೋಲಿಗೆ ಹಾಕಿದ. 1–1. ಬಾಗಾನ್ 39, ಬೆಂಗಳೂರು 37.

ಎಲ್ಲರೂ ಆ 87ನೇ ನಿಮಿಷವನ್ನೇ ಹೇಳುತ್ತಾರೆ. ಪಟ್ಟಿ ಬೇರೆ ಮಾತು ಹೇಳುತ್ತದೆ. ಇಬ್ಬರೂ 20 ಪಂದ್ಯ ಆಡಿದ್ದರು, ಇಬ್ಬರೂ ಸೋತದ್ದು ಮೂರೇ. ಬಾಗಾನ್ 11 ಗೆದ್ದು 6 ಡ್ರಾ ಮಾಡಿಕೊಂಡಿತ್ತು. ಬೆಂಗಳೂರು 10 ಗೆದ್ದು 7 ಡ್ರಾ. ಇಡೀ ಋತುವಿನ ವ್ಯತ್ಯಾಸ ಎಂದರೆ ಒಂದು ಡ್ರಾ ಗೆಲುವಾಗದೆ ಉಳಿದದ್ದು. ಅದು ಕೊನೆಯ ದಿನದ್ದೇ ಆಗಬೇಕಿರಲಿಲ್ಲ, ಹಿಂದಿನ ಆರು ಡ್ರಾಗಳಲ್ಲಿ ಯಾವುದಾದರೂ ಒಂದು ಗೆಲುವಾಗಿದ್ದರೂ ಅಂಕ ಸಮವಾಗುತ್ತಿತ್ತು. ಮೂರು ತಿಂಗಳ ಹಿಂದೆ ಯಾವುದೋ ಊರಿನಲ್ಲಿ, ಯಾರೂ ಗಮನಿಸದ ಒಂದು ಪಂದ್ಯದಲ್ಲಿ ಬಿಟ್ಟುಕೊಟ್ಟ ಅಂಕ ಕೊನೆಯ ದಿನ ಎದುರು ಬಂದು ನಿಲ್ಲುತ್ತದೆ. ಇದನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಮಳೆ ಬಂದರೆ ಅಭ್ಯಾಸಕ್ಕೆ ಚಕ್ಕರ್ ಹಾಕುವ ಹುಡುಗರಿಗೆ ಬೇರೆ ಬುದ್ಧಿಮಾತು ಬೇಕಾಗುತ್ತಿರಲಿಲ್ಲ. ಮುಂದಿನ ವರ್ಷ ಅದೇ ಬೆಂಗಳೂರು ತಂಡ ಪಟ್ಟಿಯ ತುದಿಗೆ ಬಂತು.

ಕ್ರಿಕೆಟ್ ನೋಡುವವರಿಗೆ 2024ರ ಮೇ 18 ನೆನಪಿರುತ್ತದೆ. ಆ ವರ್ಷದ ಐಪಿಎಲ್ಲಿನ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತ ಆರ್‌ಸಿಬಿ, ಆಮೇಲೆ ಸತತ ಆರು ಗೆದ್ದು 14 ಅಂಕಕ್ಕೆ ಬಂತು. ಆ ದಿನದ ಎದುರಾಳಿ ಚೆನ್ನೈಗೂ 14. ಕೊನೆಗೆ ತೀರ್ಮಾನ ಮಾಡಿದ್ದು ನಿವ್ವಳ ರನ್ ಸರಾಸರಿ. ಚೆನ್ನೈ ಗೆಲ್ಲಲು 219 ಬೇಕಿತ್ತು, ಸೋತರೂ ಮುಂದೆ ಹೋಗಲು 201 ಸಾಕಿತ್ತು, ಹೊಡೆದದ್ದು 191. ನಮ್ಮೂರ ಟೀ ಅಂಗಡಿಯಲ್ಲಿ ಆ ರಾತ್ರಿ ಲೆಕ್ಕ ಬರೆಯುವ ಚೀಟಿಯ ಹಿಂಭಾಗದಲ್ಲಿ ಗುಣಾಕಾರ ಭಾಗಾಕಾರ ಮಾಡುತ್ತಿದ್ದವರಲ್ಲಿ ಗಣಿತದಲ್ಲಿ ಫೇಲಾಗಿದ್ದವರೂ ಇದ್ದರು.

ಒಂದು ಗೆಲುವಿಗೆ ಎಷ್ಟು ಅಂಕ ಎನ್ನುವುದು ಆಟದ ನಡತೆಯನ್ನೇ ಬದಲಾಯಿಸುತ್ತದೆ. 1981ರಲ್ಲಿ ಇಂಗ್ಲೆಂಡಿನವರು ಗೆಲುವಿಗೆ 2 ಇದ್ದದ್ದನ್ನು 3 ಮಾಡಿದರು. ಡ್ರಾಗೆ ತೃಪ್ತರಾಗಿ ಕೂರುವ ತಂಡಗಳು ಮುನ್ನುಗ್ಗಿ ಆಡಲಿ ಎಂದು. 1994ರ ವಿಶ್ವಕಪ್ಪಿನಲ್ಲಿ ಅದೇ ಬಂತು. ಪ್ರೊ ಕಬಡ್ಡಿಯಲ್ಲಿ ಬಹಳ ಕಾಲ ಗೆಲುವಿಗೆ 5, ಸಮವಾದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಇತ್ತು. 2025ರಲ್ಲಿ ಅದನ್ನು ತೆಗೆದು ಗೆದ್ದವರಿಗೆ 2, ಸೋತವರಿಗೆ ಸೊನ್ನೆ ಮಾಡಿದರು. ಟಿವಿ ನೋಡುವವರಿಗೆ ಸುಲಭವಾಗಿರಬಹುದು. ಕಾಲೇಜು ಆಟಕ್ಕೆ ಹಳೆಯದೇ ಸರಿ ಎಂದು ನಾನು ಹೇಳುತ್ತೇನೆ. ಸೋಲುತ್ತಿರುವ ತಂಡ ಕೊನೆಯ ಐದು ನಿಮಿಷ ಕೈಚೆಲ್ಲದೆ ಆಡುವಂತೆ ಮಾಡುತ್ತಿದ್ದದ್ದು ಆ ಒಂದು ಅಂಕ.

ಕಾಲೇಜು ಆಟವನ್ನೇ ಊರಿನ ಹಬ್ಬ ಮಾಡಿಕೊಂಡವರು ಅಮೆರಿಕದವರು. ಅವರ ಫುಟ್ಬಾಲ್ ಬೇರೆ, ಕೈಯಲ್ಲಿ ಹಿಡಿದು ಓಡುವ ಆಟ. ಮೈಗೆ ಮೈ ಕೊಟ್ಟು ಹಿಡಿದು ಕೆಡವುವುದರಲ್ಲಿ ನಮ್ಮ ಕಬಡ್ಡಿಗೇ ಹತ್ತಿರ. ಅಲ್ಲಿ ನೆರೆಹೊರೆಯ ಕಾಲೇಜುಗಳು ಸೇರಿ ಒಂದು ಕೂಟ ಕಟ್ಟಿಕೊಳ್ಳುತ್ತವೆ, ಅದಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಬಿಗ್ ಟೆನ್ ಎಂಬ ಕೂಟ ಹುಟ್ಟಿದ್ದು 1896ರಲ್ಲಿ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಶನಿವಾರ ಶನಿವಾರ ಪಂದ್ಯ. ಪಟ್ಟಿಯಲ್ಲಿ ಎರಡು ಲೆಕ್ಕ ಇರುತ್ತವೆ: ಕೂಟದ ಒಳಗಿನ ಗೆಲುವು ಸೋಲು ಒಂದು, ಎಲ್ಲ ಸೇರಿದ್ದು ಇನ್ನೊಂದು. ಸ್ಥಾನ ತೀರ್ಮಾನವಾಗುವುದು ಮೊದಲನೆಯದರಿಂದ. ದೂರದವರನ್ನು ಎಷ್ಟೇ ಸೋಲಿಸು, ಪಕ್ಕದ ಊರಿನವರೆದುರು ಏನು ಮಾಡಿದೆ ಹೇಳು, ಎಂಬ ನ್ಯಾಯ ಅದು. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮೀರಿ ಜನ ಕೂರುತ್ತಾರೆ, ವಿದ್ಯಾರ್ಥಿಗಳ ಆಟ ನೋಡಲು.

ಆದರೆ ಅಲ್ಲೂ ಈಗ ನೆರೆಹೊರೆ ಒಡೆಯುತ್ತಿದೆ. 1915ರಲ್ಲಿ ಶುರುವಾದ ಪಶ್ಚಿಮ ಕರಾವಳಿಯ ಕೂಟದಿಂದ 2024ರಲ್ಲಿ ಹನ್ನೆರಡರಲ್ಲಿ ಹತ್ತು ಕಾಲೇಜುಗಳು ಎದ್ದು ಹೋದವು. ದೂರದರ್ಶನದ ಹಣ ಹೆಚ್ಚಿರುವ ಕಡೆಗೆ. ಬಿಗ್ ಟೆನ್ ಕೂಟದಲ್ಲಿ ಈಗ 18 ತಂಡಗಳು, ಒಂದು ಸಾಗರದ ದಡದಿಂದ ಇನ್ನೊಂದರ ಸಮೀಪದವರೆಗೆ. ಪಟ್ಟಿ ಉದ್ದವಾಯಿತು, ಪಕ್ಕದ ಊರಿನವರು ಅದರಿಂದ ಮಾಯವಾದರು. ಅಷ್ಟು ಹಣ ನಮ್ಮಲ್ಲಿಲ್ಲ. ನೆರೆಹೊರೆ ಇದೆ.

ಎಷ್ಟು ಹತ್ತಿರದ ನೆರೆಹೊರೆ ಎಂದು ಒಮ್ಮೆ ಯೋಚಿಸಿ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ನಾಲ್ಕೂ ಒಂದೇ 69ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಲಾಗಿ ಬರುತ್ತವೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಆಡಿಕೊಂಡು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಹೆಣ್ಣುಮಕ್ಕಳ ತಂಡಕ್ಕೆ ಇದು ಬಹಳ ದೊಡ್ಡ ಮಾತು. ರಾತ್ರಿ ತಂಗಬೇಕು ಎಂದ ಕೂಡಲೆ ಮನೆಯವರು ಬೇಡ ಎಂದು, ಒಳ್ಳೊಳ್ಳೆ ಖೋಖೋ ಆಟಗಾರ್ತಿಯರು ಹಿಂದುಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಕೇಳುವುದು ಚಿಕ್ಕದು. ವಿಶ್ವವಿದ್ಯಾಲಯದ ನಾಕೌಟ್ ಅದರ ಪಾಡಿಗೆ ನಡೆಯಲಿ. ಅದಕ್ಕೆ ಮುಂಚೆ, ಊರಿಗೊಂದು ಕಾಲೇಜಿನಂತೆ ನಾಲ್ಕು ತಂಡ ಸೇರಿ ನಮ್ಮದೇ ಒಂದು ಲೀಗ್ ಆಡೋಣ. ವೇಳಾಪಟ್ಟಿ ಮಾಡುವುದು ಹೇಗೆಂದು ಈಗಲೇ ತೋರಿಸುತ್ತೇನೆ. ನಾಲ್ಕು ಚೀಟಿ ತೆಗೆದುಕೊಳ್ಳಿ. ಮೇಲೆ ಎರಡು: ಚಿಕ್ಕಬಳ್ಳಾಪುರ, ಶಿಡ್ಲಘಟ್ಟ. ಅವುಗಳ ಕೆಳಗೆ ಎರಡು: ಗೌರಿಬಿದನೂರು, ಚಿಂತಾಮಣಿ. ಮೇಲಿನವರು ತಮ್ಮ ಕೆಳಗಿನವರ ಜೊತೆ ಆಡುತ್ತಾರೆ. ಮೊದಲ ಶನಿವಾರ ಚಿಕ್ಕಬಳ್ಳಾಪುರಕ್ಕೆ ಗೌರಿಬಿದನೂರು, ಶಿಡ್ಲಘಟ್ಟಕ್ಕೆ ಚಿಂತಾಮಣಿ. ಈಗ ಚಿಕ್ಕಬಳ್ಳಾಪುರದ ಚೀಟಿಯ ಮೇಲೆ ಒಂದು ಕಲ್ಲಿಟ್ಟು, ಉಳಿದ ಮೂರನ್ನು ಗಡಿಯಾರದ ಮುಳ್ಳಿನಂತೆ ಒಂದೊಂದು ಜಾಗ ಸರಿಸಿ. ಎರಡನೇ ಶನಿವಾರ ಚಿಕ್ಕಬಳ್ಳಾಪುರಕ್ಕೆ ಚಿಂತಾಮಣಿ, ಗೌರಿಬಿದನೂರಿಗೆ ಶಿಡ್ಲಘಟ್ಟ. ಇನ್ನೊಮ್ಮೆ ಸರಿಸಿದರೆ ಚಿಕ್ಕಬಳ್ಳಾಪುರಕ್ಕೆ ಶಿಡ್ಲಘಟ್ಟ, ಚಿಂತಾಮಣಿಗೆ ಗೌರಿಬಿದನೂರು. ಎಲ್ಲರೂ ಎಲ್ಲರ ಜೊತೆ ಆಡಿದ್ದಾಯಿತು. ಎಂಟು ತಂಡವಿದ್ದರೂ ಇದೇ ಕ್ರಮ; ಆಗ 28 ಪಂದ್ಯ, ಏಳು ಶನಿವಾರ.

ಸೆಮಿಸ್ಟರ್ ಬಂದ ಮೇಲೆ ಆಟಕ್ಕೆ ಸಿಗುವ ದಿನ ಕಡಿಮೆಯಾಗಿದೆ ಎಂದು ಪ್ರಾಂಶುಪಾಲರು ಹೇಳುತ್ತಾರೆ, ಅದು ನಿಜ. ಬಸ್ ಚಾರ್ಜು, ಊಟದ ಖರ್ಚು, ತೀರ್ಪುಗಾರರ ಭತ್ಯೆ, ಇವೂ ನಿಜ. ಆದರೆ ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕವನ್ನು ಪ್ರತಿವರ್ಷ ಪಡೆಯುತ್ತೇವೆ. ಅದು ಯಾರಿಗಾಗಿ ಪಡೆದದ್ದೋ ಅವರ ಬಸ್ಸಿಗೆ ಖರ್ಚಾಗಲಿ. ಊಟವನ್ನು ಆತಿಥೇಯ ಊರಿನವರು ಹಾಕುತ್ತಾರೆ. ನಮ್ಮ ಸೀಮೆಯಲ್ಲಿ ಆಡಲು ಬಂದ ಮಕ್ಕಳಿಗೆ ಮುದ್ದೆ ಸಾರು ಹಾಕಲು ಯಾರೂ ಹಿಂದೆಮುಂದೆ ನೋಡಿದವರಲ್ಲ.

ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಆಮೇಲೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬರಲು ಕಾರಣರಾದರು. ತಮ್ಮ ಹಿಂದೆ ಬರುವ ಮಕ್ಕಳು ಓದಿಗಾಗಿ ಅಷ್ಟು ದೂರ ನಡೆಯದಿರಲಿ ಎಂದು. 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲಿ ಶುರುವಾದ ಮೇಲೆ ಆಡಳಿತವೂ ಹತ್ತಿರಕ್ಕೆ ಬಂತು. ಮೊದಲು ನಮ್ಮ ಹುಡುಗರು ಆಯ್ಕೆಗೆಂದು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದವರೆಗೆ ಹೋಗಬೇಕಿತ್ತು. ಓದು ಹತ್ತಿರ ಬಂತು, ಕಚೇರಿ ಹತ್ತಿರ ಬಂತು. ಆಟ ಇನ್ನೂ ಬರಬೇಕು.

ಈ ನಾಲ್ಕು ಊರಿನ ಕಾಲೇಜುಗಳ ಪಿ.ಡಿ. ಸಾರ್‌ಗಳೇ, ಮೇಡಂಗಳೇ, ನಿಮ್ಮಲ್ಲಿ ಕೆಲವರು ನನ್ನ ಕೈಯಲ್ಲೇ ಆಡಿದವರು. ಈ ವರ್ಷ ದಸರಾ ರಜೆ ಮುಗಿದ ಮೇಲಿನ ಮೂರು ಶನಿವಾರಗಳನ್ನು ಗೊತ್ತು ಮಾಡಿ. ಹುಡುಗರಿಗೆ ಕಬಡ್ಡಿ, ಹುಡುಗಿಯರಿಗೆ ಖೋಖೋ. ಒಂದು ಡ್ರಾಯಿಂಗ್ ಶೀಟಿನ ಮೇಲೆ ಗೆರೆ ಎಳೆದು, ನಾಲ್ಕು ಕಾಲೇಜಿನ ಹೆಸರು ಬರೆದು, ಪ್ರತಿ ಸೋಮವಾರ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಅಂಕ ತುಂಬಿ. ಋತು ಮುಗಿದ ಮೇಲೆ ಆ ಹಾಳೆಯನ್ನು ಬಿಸಾಡಬೇಡಿ, ಕಾಲೇಜಿನ ಕಡತದಲ್ಲಿ ಇಡಿ. ತೀರ್ಪುಗಾರರು ಸಾಲದೆ ಬಂದರೆ ನನಗೆ ಹೇಳಿ ಕಳಿಸಿ. ವಿಸಿಲ್ ಇನ್ನೂ ನನ್ನ ಹತ್ತಿರವೇ ಇದೆ, ಬರುತ್ತೇನೆ.